ಹೃದಯದ ಮಾತ್ರೆ ನುಂಗುವವರಿಗೆ ಮಾಲಾ-ಎನ್

ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುವ ಮಾಲಾ-ಎನ್ ಎಂಬ ಗರ್ಭನಿರೋಧಕದ ಪೊಟ್ಟಣದಲ್ಲಿ 28 ಮಾತ್ರೆಗಳಿರುತ್ತವೆ. 21ರಲ್ಲಿ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿನ್ ಹಾರ್ಮೋನುಗಳು, ಉಳಿದ 7ರಲ್ಲಿ ಕಬ್ಬಿಣಾಂಶ. ಆರೋಗ್ಯವಂತ ಹೆಂಗಸರಲ್ಲಿ ಬಹುಪಾಲು ಮಂದಿಗೆ ಇದು ಒಗ್ಗುತ್ತದೆ. ಹೃದ್ರೋಗಿಗಳ ಲೆಕ್ಕ ಬೇರೆ: ಈಸ್ಟ್ರೋಜೆನ್ ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸುತ್ತದೆ, ಕೆಲವರಿಗೆ ಬಿ.ಪಿ. ಏರಿಸುತ್ತದೆ.

ಚಿತ್ರದುರ್ಗ ಜಿಲ್ಲೆಯ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯವರು ಹೃದಯದ ಕವಾಟದ ಶಸ್ತ್ರಚಿಕಿತ್ಸೆಗೆ ಬೆಂಗಳೂರಿನಂಥ ದೊಡ್ಡ ಊರಿಗೆ ಹೋಗುತ್ತಾರೆ. ಚಿತ್ರದುರ್ಗದಿಂದ ಅದು ಸುಮಾರು 200 ಕಿ.ಮೀ. ಮಾಲಾ-ಎನ್ ಮಾತ್ರ ಆಶಾ ಕಾರ್ಯಕರ್ತೆಯ ಕೈಯಿಂದ ಮನೆ ಬಾಗಿಲಿಗೇ ಬರುತ್ತದೆ. ಹೃದಯದ ವೈದ್ಯರ ಚೀಟಿಯಲ್ಲಿ ಗರ್ಭನಿರೋಧಕದ ಹೆಸರಿಲ್ಲ, ಆಶಾ ಅವರ ಪುಸ್ತಕದಲ್ಲಿ ಹೃದಯದ ಸುದ್ದಿಯಿಲ್ಲ. ತೊಡಕಿನ ಮೂಲ ಇಲ್ಲೇ ಇದೆ.

ಲೋಹದ ಕವಾಟ ಹಾಕಿಸಿಕೊಂಡವರು ಜೀವನಪೂರ್ತಿ ರಕ್ತ ತೆಳುವಾಗಿಸುವ ಮಾತ್ರೆ ನುಂಗಬೇಕು; ಅದರ ಪ್ರಮಾಣವನ್ನು ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆಯುವ ಐ.ಎನ್.ಆರ್. ಪರೀಕ್ಷೆ ನೋಡಿ ಗೊತ್ತುಮಾಡುತ್ತಾರೆ. ಹಾರ್ಮೋನು ಮಾತ್ರೆ ಶುರುವಾದರೆ ಆ ಅಂಕಿ ಏರಲೂಬಹುದು, ಇಳಿಯಲೂಬಹುದು. ಏರಿದರೆ ವಸಡಿನಲ್ಲಿ ರಕ್ತ, ಮೈಮೇಲೆ ನೀಲಿ ಕಲೆ. ಇಳಿದರೆ ಕವಾಟದಲ್ಲೇ ಹೆಪ್ಪು ಕಟ್ಟುವ ಅಪಾಯ: ದಿನವೂ ಕೇಳುತ್ತಿದ್ದ ಟಿಕ್ ಟಿಕ್ ಸದ್ದು ಮಂಕಾಗುತ್ತದೆ, ನಾಲ್ಕು ಹೆಜ್ಜೆಗೇ ಏದುಸಿರು ಬರುತ್ತದೆ. ಆಗ ಬೆಳಗಿನವರೆಗೆ ಕಾಯುವುದೂ ತಪ್ಪು.

ಹಿರಿಯೂರಿನ ತೇರುಮಲ್ಲೇಶ್ವರನ ರಥೋತ್ಸವಕ್ಕೋ ಮದುವೆಗೋ ಮುಟ್ಟು ಮುಂದೂಡಲು ನುಂಗುವ ನಾರೆಥಿಸ್ಟೆರಾನ್ ಮಾತ್ರೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದರ ಒಂದಂಶ ದೇಹದಲ್ಲಿ ಈಸ್ಟ್ರೋಜೆನ್ ಆಗಿ ಮಾರ್ಪಡುತ್ತದೆ. ನಾಲ್ಕು ದಿನದ್ದು ತಾನೇ ಎಂದು ಹೃದ್ರೋಗಿಗಳು ಅದನ್ನು ಅಂಗಡಿಯಿಂದ ತಾವಾಗಿಯೇ ತರಬಾರದು. ಡ್ರಾಸ್ಪಿರೆನೋನ್ ಇರುವ ಗರ್ಭನಿರೋಧಕ ಗುಳಿಗೆಯನ್ನು ಬಿ.ಪಿ., ಹೃದಯಕ್ಕೆ ಕೊಡುವ ಎನಾಲಾಪ್ರಿಲ್ ಅಥವಾ ಸ್ಪಿರೊನೊಲ್ಯಾಕ್ಟೋನ್ ಜೊತೆ ನುಂಗಿದರೆ ರಕ್ತದಲ್ಲಿ ಪೊಟ್ಯಾಷಿಯಂ ಏರಿ ಹೃದಯದ ಬಡಿತ ತಪ್ಪಬಹುದು. ಶ್ವಾಸಕೋಶದ ಅಧಿಕ ರಕ್ತದೊತ್ತಡಕ್ಕೆ ಕೊಡುವ ಬೊಸೆಂಟನ್ ಗರ್ಭನಿರೋಧಕದ ಬಲವನ್ನೇ ಕುಗ್ಗಿಸುತ್ತದೆ. ಅಂಥವರಿಗೆ ಬಸಿರೇ ಪ್ರಾಣಕ್ಕೆ ಎರವು.

ಹಾಗೆಂದು ಹೆದರಿ ಗರ್ಭನಿರೋಧಕವನ್ನೇ ಬಿಟ್ಟು ಸುಮ್ಮನಿರುವುದೂ ಸಲ್ಲ. ರಕ್ತ ತೆಳುವಾಗಿಸುವ ವಾರ್ಫರಿನ್ ನುಂಗುತ್ತಿರುವಾಗ ಗರ್ಭ ನಿಂತರೆ ಶಿಶುವಿನ ಬೆಳವಣಿಗೆಗೆ ಹಾನಿಯಾಗಬಹುದು. ಕಾಪರ್-ಟಿಯಲ್ಲಿ ಹಾರ್ಮೋನಿಲ್ಲ, ಆದರೆ ರಕ್ತ ತೆಳುವಾಗಿರುವವರಿಗೆ ಮುಟ್ಟಿನ ಸ್ರಾವ ಹೆಚ್ಚೀತು. ಮಕ್ಕಳು ಸಾಕೆಂದವರ ಮನೆಯಲ್ಲಿ ಗಂಡ ಮಾಡಿಸಿಕೊಳ್ಳುವ ಸಂತಾನಹರಣ ಶಸ್ತ್ರಚಿಕಿತ್ಸೆಯೇ ಹೆಂಡತಿಯ ಹೃದಯಕ್ಕೆ ಎಲ್ಲಕ್ಕಿಂತ ಕ್ಷೇಮ. ಗಾಯ ಚಿಕ್ಕದು, ಅದೇ ದಿನ ಮನೆಗೆ ಬರಬಹುದು. ಸುಮಾರು 3 ತಿಂಗಳ ಬಳಿಕ ವೀರ್ಯ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳುವವರೆಗೆ ಕಾಂಡೋಮ್ ಬಳಸಬೇಕು.