ಗರ್ಭಿಣಿಯರ ಹಲ್ಲಿನ ಚಿಕಿತ್ಸೆ: ಭಯವೂ ಬೇಡ, ವಿಳಂಬವೂ ಬೇಡ

ಗರ್ಭಿಣಿಗೆ ಹಲ್ಲುನೋವು ಬಂದಾಗ ಮನೆಯಲ್ಲಿ ಮೊದಲು ಕೇಳಿಬರುವ ಮಾತು, "ಹೆರಿಗೆಯಾಗಲಿ, ಆಮೇಲೆ ತೋರಿಸಿದರಾಯಿತು" ಎಂಬುದು. ತಾಯಿಯಾಗಲಿ, ಅತ್ತೆಯಾಗಲಿ ಇದನ್ನು ಹುಟ್ಟಲಿರುವ ಮಗುವಿನ ಮೇಲಣ ಮಮತೆಯಿಂದಲೇ ಹೇಳುತ್ತಾರೆ. ಹಲ್ಲು ಕೀಳಿಸಿದರೆ ಗರ್ಭಕ್ಕೆ ತೊಂದರೆಯಾದೀತು, ಮರಗಟ್ಟಿಸುವ ಚುಚ್ಚುಮದ್ದು ಮಗುವಿಗೆ ತಾಕೀತು, ಕ್ಷ-ಕಿರಣ ಚಿತ್ರ ತೆಗೆಸಿದರೆ ಮಗುವಿಗೆ ಊನ ಉಂಟಾದೀತು ಎಂಬ ಅಂಜಿಕೆ ಆ ಮಾತಿನ ಹಿಂದೆ ಇರುತ್ತದೆ. ಅಂಜಿಕೆ ಸಹಜವಾದುದೇ, ಆದರೆ ಅದಕ್ಕೆ ಆಧಾರವಿಲ್ಲ. ಅವಶ್ಯವಾದ ಹಲ್ಲಿನ ಚಿಕಿತ್ಸೆಯನ್ನು ಗರ್ಭಾವಸ್ಥೆಯಲ್ಲಿ ಸುರಕ್ಷಿತವಾಗಿ ಪಡೆಯಬಹುದು. ಕೀವು ತುಂಬಿದ ಹಲ್ಲನ್ನು ಹಾಗೆಯೇ ಬಿಡುವುದು, ನೋವು ತಡೆಯಲಾರದೆ ಔಷಧಿ ಅಂಗಡಿಯಲ್ಲಿ ಕೇಳಿ ತಂದ ಮಾತ್ರೆಯನ್ನು ನುಂಗುವುದು, ಇವೆರಡೇ ನಿಜವಾದ ಅಪಾಯಗಳು.

ಗರ್ಭಾವಸ್ಥೆಯಲ್ಲಿ ಬಾಯಿಗೆ ಏನಾಗುತ್ತದೆ?

ಗರ್ಭ ನಿಂತ ಕೆಲವು ವಾರಗಳಲ್ಲಿಯೇ ತಾಯಿಯ ರಕ್ತದಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟೆರಾನ್ ಎಂಬ ಹಾರ್ಮೋನುಗಳ ಪ್ರಮಾಣ ಹೆಚ್ಚುತ್ತದೆ. ಇದರಿಂದ ವಸಡುಗಳಿಗೆ ರಕ್ತಸಂಚಾರ ಅಧಿಕವಾಗಿ, ಹಲ್ಲಿನ ಬುಡದಲ್ಲಿ ಕಟ್ಟಿಕೊಳ್ಳುವ ಲೋಳೆಯಂತಹ ಪಾಚಿಗೆ ಅವು ಬೇಗನೆ ಕೆರಳುತ್ತವೆ. ವಸಡು ಕೆಂಪಾಗಿ ಊದಿಕೊಳ್ಳುತ್ತದೆ. ಹಲ್ಲುಜ್ಜುವಾಗ ರಕ್ತ ಒಸರುತ್ತದೆ. ಗರ್ಭಿಣಿಯರಲ್ಲಿ ನೂರಕ್ಕೆ 60ರಿಂದ 75 ಮಂದಿಗೆ ಈ ತೊಂದರೆ ಕಾಣಿಸಿಕೊಳ್ಳುತ್ತದೆಂದು ಅಂದಾಜು ಮಾಡಲಾಗಿದೆ. ಸಾಮಾನ್ಯವಾಗಿ ಎರಡನೆಯ ತಿಂಗಳಿನಲ್ಲಿ ಆರಂಭವಾಗಿ ಎಂಟನೆಯ ತಿಂಗಳಿನವರೆಗೆ ಹೆಚ್ಚುತ್ತಾ ಹೋಗಬಹುದು. ರಕ್ತ ಬರುತ್ತದೆಂದು ಹಲ್ಲುಜ್ಜುವುದನ್ನು ಬಿಟ್ಟರೆ ಪಾಚಿ ಮತ್ತಷ್ಟು ಸೇರಿ ತೊಂದರೆ ಇಮ್ಮಡಿಯಾಗುತ್ತದೆ.

ಕೆಲವರಲ್ಲಿ ಎರಡು ಹಲ್ಲುಗಳ ನಡುವೆ ವಸಡಿನ ಮೇಲೆ ಕೆಂಪು ಗಂಟೊಂದು ಬೆಳೆಯುವುದುಂಟು. ಅದು ಮುಟ್ಟಿದರೆ ರಕ್ತ ಸುರಿಸುತ್ತದೆ. ನೋಡಲು ಹೆದರಿಕೆ ಹುಟ್ಟಿಸುವಂತಿದ್ದರೂ ಇದು ಅರ್ಬುದ ರೋಗವಲ್ಲ. ಹೆರಿಗೆಯ ನಂತರ ಹೆಚ್ಚಾಗಿ ತಾನಾಗಿಯೇ ಕುಗ್ಗುತ್ತದೆ. ಆದರೂ ಇದನ್ನು ದಂತವೈದ್ಯರಿಗೆ ತೋರಿಸಿ ಖಚಿತಪಡಿಸಿಕೊಳ್ಳತಕ್ಕದ್ದು.

ಮೊದಲ ತಿಂಗಳುಗಳ ವಾಂತಿಯೂ ಹಲ್ಲಿಗೆ ಹಾನಿಕರ. ಹೊಟ್ಟೆಯಿಂದ ಮೇಲೆ ಬರುವ ಆಮ್ಲವು ಹಲ್ಲಿನ ಹೊರಪದರವನ್ನು ಸವೆಸುತ್ತದೆ. ಬಯಕೆಯಿಂದ ಆಗಾಗ್ಗೆ ಹುಳಿ, ಸಿಹಿ ತಿನ್ನುವುದೂ ಹುಳುಕಿಗೆ ದಾರಿಯಾಗುತ್ತದೆ.

ಮಗು ತಾಯಿಯ ಹಲ್ಲಿನ ಸುಣ್ಣವನ್ನು ಹೀರುತ್ತದೆಯೇ?

ಬಸಿರಿನಲ್ಲಿ ಹಲ್ಲು ಹಾಳಾಗುವುದು ಅನಿವಾರ್ಯ, ಮಗು ತಾಯಿಯ ಹಲ್ಲಿನಿಂದಲೇ ಸುಣ್ಣಾಂಶವನ್ನು ಎಳೆದುಕೊಳ್ಳುತ್ತದೆ ಎಂದು ಅನೇಕರು ನಂಬಿದ್ದಾರೆ. ಇದು ಸರಿಯಲ್ಲ. ಒಮ್ಮೆ ರೂಪುಗೊಂಡ ಹಲ್ಲಿನಿಂದ ಸುಣ್ಣಾಂಶವು ರಕ್ತಕ್ಕೆ ಮರಳುವುದಿಲ್ಲ. ಮಗುವಿಗೆ ಬೇಕಾದುದು ತಾಯಿಯ ಆಹಾರದಿಂದ ಒದಗುತ್ತದೆ. ಆಹಾರದಲ್ಲಿ ಸಾಲದಾದರೆ ತಾಯಿಯ ಎಲುಬಿನಿಂದ ಹೋಗುತ್ತದೆ. ಆದುದರಿಂದಲೇ ಆರೋಗ್ಯ ಕೇಂದ್ರಗಳಲ್ಲಿ ನಾಲ್ಕನೆಯ ತಿಂಗಳಿನಿಂದ ಕೊಡುವ ಕ್ಯಾಲ್ಸಿಯಂ ಮಾತ್ರೆಗಳನ್ನು ತಪ್ಪದೆ ಸೇವಿಸಬೇಕು. ಹಲ್ಲು ಹಾಳಾಗುವುದಕ್ಕೆ ಕಾರಣ ಪಾಚಿ, ಸಿಹಿ ಮತ್ತು ಆಮ್ಲ. ಈ ಮೂರನ್ನೂ ತಡೆಯಲು ಸಾಧ್ಯವಿದೆ.

ಚಿಕಿತ್ಸೆಯನ್ನು ಮುಂದೂಡಿದರೆ

ಹುಳುಕು ಹಲ್ಲಿನ ಒಳತಿರುಳನ್ನು ಮುಟ್ಟಿದಾಗ ಬೇರಿನ ತುದಿಯಲ್ಲಿ ಕೀವು ಸೇರುತ್ತದೆ. ಕೆಲವು ದಿನ ನೋವು ಕಡಿಮೆಯಾದಂತೆ ತೋರಬಹುದು. ಒಳಗೆ ಸೋಂಕು ಮುಂದುವರಿಯುತ್ತಲೇ ಇರುತ್ತದೆ. ಅದು ದವಡೆಗೂ ಅಲ್ಲಿಂದ ಕುತ್ತಿಗೆಗೂ ಹರಡಿದಲ್ಲಿ ಜ್ವರ ಏರಿ, ಬಾಯಿ ತೆರೆಯಲಾಗದೆ, ನುಂಗಲಾಗದೆ, ಉಸಿರಾಟಕ್ಕೂ ಅಡ್ಡಿಯಾದೀತು. ಆಗ ತಾಯಿ ಮತ್ತು ಮಗು ಇಬ್ಬರ ಪ್ರಾಣಕ್ಕೂ ಅಪಾಯ. ಸಣ್ಣ ಹುಳುಕು ತುಂಬಿಸಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಆಸ್ಪತ್ರೆಯಲ್ಲಿ ದಾಖಲಾಗಬೇಕಾಗುತ್ತದೆ. ನೋವಿನಿಂದ ಊಟ, ನಿದ್ರೆ ಕೆಡುವುದೂ ಗರ್ಭಿಣಿಗೆ ಹಿತವಲ್ಲ.

ತೀವ್ರ ವಸಡು ರೋಗವಿರುವ ತಾಯಂದಿರಲ್ಲಿ ಅವಧಿಗೆ ಮುನ್ನ ಹೆರಿಗೆಯಾಗುವುದು ಹೆಚ್ಚೆಂದು ಹಲವು ಸಮೀಕ್ಷೆಗಳಲ್ಲಿ ಕಂಡುಬಂದಿದೆ. ಆದರೆ ಈ ರೋಗವೇ ಅದಕ್ಕೆ ಕಾರಣವೆಂದು ಸಿದ್ಧವಾಗಿಲ್ಲ. ಅಮೆರಿಕದಲ್ಲಿ 823 ಗರ್ಭಿಣಿಯರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗರ್ಭಾವಸ್ಥೆಯಲ್ಲಿಯೇ ವಸಡಿನ ಚಿಕಿತ್ಸೆ ಪಡೆದುದರಿಂದ ಅಕಾಲ ಹೆರಿಗೆ ಕಡಿಮೆಯಾಗಲಿಲ್ಲ. ಆದರೆ ಚಿಕಿತ್ಸೆಯಿಂದ ತಾಯಿಗೂ ಮಗುವಿಗೂ ಯಾವ ಹಾನಿಯೂ ಆಗಲಿಲ್ಲ, ವಸಡಿನ ಆರೋಗ್ಯವೂ ಸುಧಾರಿಸಿತು. ಹೆದರುವವರು ಮುಖ್ಯವಾಗಿ ತಿಳಿಯಬೇಕಾದ ಅಂಶವಿದು.

ಯಾವ ತಿಂಗಳಿನಲ್ಲಿ ಯಾವ ಚಿಕಿತ್ಸೆ?

1. ಮೊದಲ ಮೂರು ತಿಂಗಳು: ತಪಾಸಣೆ ಮಾಡಿಸಿ, ಹಲ್ಲು ಶುಚಿಗೊಳಿಸಿಕೊಳ್ಳಬಹುದು. ವಾಂತಿ, ಆಯಾಸ ಹೆಚ್ಚಿರುವುದರಿಂದ ತುರ್ತಲ್ಲದ ಕೆಲಸವನ್ನು ನಾಲ್ಕನೆಯ ತಿಂಗಳಿಗೆ ಇಟ್ಟುಕೊಳ್ಳುವುದು ಅನುಕೂಲ.

2. ನಾಲ್ಕರಿಂದ ಆರನೆಯ ತಿಂಗಳು: ಚಿಕಿತ್ಸೆಗೆ ಅತ್ಯಂತ ಸೂಕ್ತ ಕಾಲ. ವಾಂತಿ ಇಳಿದಿರುತ್ತದೆ, ಹೊಟ್ಟೆ ಇನ್ನೂ ಭಾರವಾಗಿರುವುದಿಲ್ಲ. ಹುಳುಕು ತುಂಬಿಸುವುದು, ಬೇರಿನ ನಾಳದ ಚಿಕಿತ್ಸೆ, ಹಲ್ಲು ಕೀಳಿಸುವುದು, ಹಲ್ಲಿನ ಕಿಟ್ಟ ತೆಗೆಸುವುದು ಇವೆಲ್ಲವನ್ನೂ ಮಾಡಿಸಬಹುದು.

3. ಕೊನೆಯ ಮೂರು ತಿಂಗಳು: ಅವಶ್ಯವಿದ್ದಲ್ಲಿ ಚಿಕಿತ್ಸೆ ಪಡೆಯಬಹುದು. ಆದರೆ ಬಹಳ ಹೊತ್ತು ಅಂಗಾತ ಮಲಗಿದರೆ ಗರ್ಭಕೋಶದ ಭಾರವು ಹೃದಯಕ್ಕೆ ರಕ್ತ ಮರಳುವ ದೊಡ್ಡ ನಾಳವನ್ನು ಅದುಮಿ, ತಲೆಸುತ್ತು, ಬೆವರು, ವಾಕರಿಕೆ ಬರಬಹುದು. ಬಲ ಸೊಂಟದ ಕೆಳಗೆ ಸಣ್ಣ ದಿಂಬನ್ನು ಇಡಿಸಿಕೊಂಡು ದೇಹವನ್ನು ಎಡಮಗ್ಗುಲಿಗೆ ವಾಲಿಸಿ ಮಲಗಬೇಕು. ತಲೆ ಸುತ್ತಿದಂತಾದರೆ ಕೂಡಲೇ ವೈದ್ಯರಿಗೆ ತಿಳಿಸಿ ಎಡಕ್ಕೆ ತಿರುಗಿಕೊಳ್ಳಬೇಕು.

ತೀವ್ರ ನೋವು, ಬಾವು, ಕೀವು ಇದ್ದಲ್ಲಿ ತಿಂಗಳನ್ನು ಎಣಿಸುತ್ತಾ ಕೂರಬಾರದು. ಅದು ಯಾವ ತಿಂಗಳೇ ಆಗಿರಲಿ, ಕೂಡಲೇ ಚಿಕಿತ್ಸೆ ಪಡೆಯತಕ್ಕದ್ದು. ಹಲ್ಲನ್ನು ಬೆಳ್ಳಗಾಗಿಸುವುದು ಮುಂತಾದ ಅಂದದ ಚಿಕಿತ್ಸೆಗಳನ್ನು ಮಾತ್ರ ಹೆರಿಗೆಯ ನಂತರಕ್ಕೆ ಮುಂದೂಡಬೇಕು.

ಹುಳುಕು ತುಂಬಲು ಬಳಸುವ ಬೆಳ್ಳಿಬಣ್ಣದ ಮಿಶ್ರಣದಲ್ಲಿ ಪಾದರಸವಿರುತ್ತದೆ. ಗರ್ಭಿಣಿಯರಿಗೂ ಮೊಲೆಯೂಡುವ ತಾಯಂದಿರಿಗೂ ಅನಿವಾರ್ಯವಲ್ಲದೆ ಇದನ್ನು ಬಳಸಬಾರದೆಂದು ಪಾದರಸ ನಿಯಂತ್ರಣದ ಮಿನಮಾತಾ ಒಪ್ಪಂದದ ಸದಸ್ಯ ರಾಷ್ಟ್ರಗಳು 2022ರಲ್ಲಿ ತೀರ್ಮಾನಿಸಿವೆ. ಭಾರತವೂ ಈ ಒಪ್ಪಂದಕ್ಕೆ ಸೇರಿದೆ. ಆದುದರಿಂದ ಹಲ್ಲಿನ ಬಣ್ಣದ ಬೇರೆ ಸಾಮಗ್ರಿಯಿಂದ ತುಂಬಿಸಲು ಕೇಳಿಕೊಳ್ಳಬಹುದು. ಹಿಂದೆ ತುಂಬಿಸಿದ್ದು ಗಟ್ಟಿಯಾಗಿದ್ದರೆ ಅದನ್ನು ಈಗ ತೆಗೆಸುವ ಅಗತ್ಯವಿಲ್ಲ.

ಕ್ಷ-ಕಿರಣ ಮತ್ತು ಚುಚ್ಚುಮದ್ದು

ಹಲ್ಲಿನ ಕ್ಷ-ಕಿರಣ ಚಿತ್ರದಲ್ಲಿ ಕಿರಣಗಳು ಮುಖದ ಕಡೆಗೆ ಮಾತ್ರ ಹಾಯುತ್ತವೆ. ಒಂದು ಚಿತ್ರದಿಂದ ಗರ್ಭಕ್ಕೆ ತಲುಪಬಹುದಾದ ವಿಕಿರಣವು 0.01 ಮಿಲಿಗ್ರೇಗಿಂತಲೂ ಕಡಿಮೆ. ಶಿಶುವಿಗೆ ಊನ ಉಂಟುಮಾಡಬಹುದೆಂದು ವೈದ್ಯರು ಪರಿಗಣಿಸುವ ಪ್ರಮಾಣವು 50 ಮಿಲಿಗ್ರೇಗೂ ಮೇಲ್ಪಟ್ಟದ್ದು, ಅಂದರೆ ಐದು ಸಾವಿರ ಪಟ್ಟಿಗೂ ಅಧಿಕ. ರೋಗವನ್ನು ಗುರುತಿಸಲು ಚಿತ್ರ ಅವಶ್ಯವೆಂದು ವೈದ್ಯರು ಹೇಳಿದಲ್ಲಿ ಹಿಂಜರಿಯಬೇಕಾಗಿಲ್ಲ. ಅನೇಕ ಚಿಕಿತ್ಸಾಲಯಗಳಲ್ಲಿ ಚಿತ್ರ ತೆಗೆಯುವಾಗ ಸೀಸದ ಹೊದಿಕೆ ಹೊದಿಸುವ ರೂಢಿಯೂ ಇದೆ.

ಹಲ್ಲಿನ ಭಾಗವನ್ನಷ್ಟೇ ಮರಗಟ್ಟಿಸುವ ಲಿಡೋಕೇನ್ ಚುಚ್ಚುಮದ್ದು ಗರ್ಭಿಣಿಯರಿಗೆ ಸುರಕ್ಷಿತವಾದುದು. ಅದಿಲ್ಲದೆ ನೋವು ಸಹಿಸುವುದೇ ಮೈಗೆ ಹೆಚ್ಚು ಆಯಾಸಕರ. ಅಮೆರಿಕದ ಪ್ರಸೂತಿ ತಜ್ಞರ ಸಂಘವು 2013ರಲ್ಲಿ ನೀಡಿದ ಸಲಹೆಯಲ್ಲಿ ಹಲ್ಲಿನ ಕ್ಷ-ಕಿರಣ, ಸ್ಥಳೀಯ ಅರಿವಳಿಕೆ, ಹುಳುಕು ತುಂಬುವಿಕೆ, ಬೇರಿನ ನಾಳದ ಚಿಕಿತ್ಸೆ ಮತ್ತು ಹಲ್ಲು ಕೀಳುವಿಕೆ ಇವೆಲ್ಲವೂ ಗರ್ಭಾವಸ್ಥೆಯಲ್ಲಿ ಸುರಕ್ಷಿತವೆಂದು ಸ್ಪಷ್ಟಪಡಿಸಿದೆ.

ಮಾತ್ರೆಗಳ ವಿಷಯದಲ್ಲಿ ಎಚ್ಚರ

ಚಿಕಿತ್ಸೆಗಿಂತ ಹೆಚ್ಚು ಎಚ್ಚರ ಬೇಕಾದುದು ಇಲ್ಲಿ. ನೋವಿಗೆ ಪ್ಯಾರಾಸಿಟಮಾಲ್ ಅನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳಬಹುದು. ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ನಿಮೆಸುಲೈಡ್ ಮುಂತಾದ ಮಾತ್ರೆಗಳನ್ನು ಸ್ವಂತವಾಗಿ ತೆಗೆದುಕೊಳ್ಳಕೂಡದು. ಈ ಗುಂಪಿನ ಔಷಧಿಗಳು 20ನೆಯ ವಾರದ ನಂತರ ಮಗುವಿನ ಮೂತ್ರಪಿಂಡಗಳಿಗೆ ತೊಂದರೆ ಕೊಟ್ಟು ಗರ್ಭದ ನೀರನ್ನು ಕಡಿಮೆ ಮಾಡಬಹುದು. ಕೊನೆಯ ತಿಂಗಳುಗಳಲ್ಲಿ ಮಗುವಿನ ಹೃದಯದ ಬಳಿಯ ರಕ್ತನಾಳವೊಂದು ಅಕಾಲದಲ್ಲಿ ಮುಚ್ಚಿಕೊಳ್ಳಬಹುದು. ಅಂಗಡಿಯಲ್ಲಿ "ಹಲ್ಲುನೋವಿನ ಮಾತ್ರೆ" ಎಂದು ಕೇಳಿದರೆ ಕೊಡುವುದು ಅನೇಕ ವೇಳೆ ಇವುಗಳನ್ನೇ. ಪ್ಯಾರಾಸಿಟಮಾಲ್‌ನೊಂದಿಗೆ ಇವು ಬೆರೆತ ಮಾತ್ರೆಗಳೂ ಇರುವುದರಿಂದ ಪೊಟ್ಟಣದ ಮೇಲಿನ ಹೆಸರುಗಳನ್ನು ಓದಬೇಕು.

ಸೋಂಕಿಗೆ ಅಮಾಕ್ಸಿಸಿಲಿನ್‌ನಂತಹ ಪೆನಿಸಿಲಿನ್ ಗುಂಪಿನ ಔಷಧಿಗಳನ್ನು ವೈದ್ಯರು ಕೊಡುತ್ತಾರೆ. ಇವು ಒಗ್ಗದವರು ಮೊದಲೇ ತಿಳಿಸಬೇಕು. ಟೆಟ್ರಾಸೈಕ್ಲಿನ್, ಡಾಕ್ಸಿಸೈಕ್ಲಿನ್‌ಗಳನ್ನು ಗರ್ಭಿಣಿಯರು ಸೇವಿಸಬಾರದು. ಟೆಟ್ರಾಸೈಕ್ಲಿನ್ ಗರ್ಭದಲ್ಲಿ ರೂಪುಗೊಳ್ಳುತ್ತಿರುವ ಮಗುವಿನ ಹಲ್ಲುಗಳಲ್ಲಿ ಸೇರಿ, ಅಳಿಸಲಾಗದ ಹಳದಿ ಕಂದು ಬಣ್ಣವನ್ನು ಉಳಿಸುತ್ತದೆ. ಪ್ರಸೂತಿ ವೈದ್ಯರು ಕಡಿಮೆ ಪ್ರಮಾಣದ ಆಸ್ಪಿರಿನ್ ಅಥವಾ ರಕ್ತ ಹೆಪ್ಪುಗಟ್ಟದಂತೆ ಚುಚ್ಚುಮದ್ದು ಕೊಟ್ಟಿದ್ದರೆ ಅದನ್ನು ಸ್ವಂತವಾಗಿ ನಿಲ್ಲಿಸದೆ ದಂತವೈದ್ಯರಿಗೆ ತಿಳಿಸಬೇಕು. ರಕ್ತದೊತ್ತಡ, ಮಧುಮೇಹಗಳನ್ನೂ ಹೇಳಬೇಕು.

ತಂಬಾಕಿನ ಮಿಶ್ರಿಯಿಂದ ಹಲ್ಲುಜ್ಜುವ ರೂಢಿ ಮಹಾರಾಷ್ಟ್ರದಲ್ಲಿಯೂ ಉತ್ತರ ಕರ್ನಾಟಕದ ಕೆಲವೆಡೆಯೂ ಇದೆ. ನೋವಿಗೆ ಹಾಯೆನಿಸಿದರೂ ಗರ್ಭಿಣಿಯರು ಇದನ್ನು ಸಂಪೂರ್ಣವಾಗಿ ಬಿಡಬೇಕು. ಮುಂಬಯಿಯಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಗೆಯಿಲ್ಲದ ತಂಬಾಕು ಬಳಸುವ ತಾಯಂದಿರ ಶಿಶುಗಳ ಜನನ ತೂಕ ಸರಾಸರಿ ಸುಮಾರು 100 ಗ್ರಾಂ ಕಡಿಮೆಯಿದ್ದುದು ಕಂಡುಬಂದಿತು.

ತವರಿಗೆ ಹೊರಡುವ ಮುನ್ನ

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮ ಪದ್ಧತಿ. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿದ ಕನ್ನಡದ ಹೆಣ್ಣುಮಕ್ಕಳು ಏಳನೆಯ ತಿಂಗಳ ಸೀಮಂತದ ಬಳಿಕ ಊರಿಗೆ ಹೊರಡುತ್ತಾರೆ. ಚಿಕಿತ್ಸೆಗೆ ಸೂಕ್ತವಾದ ತಿಂಗಳುಗಳು ಮುಗಿಯುವುದೂ ಆ ಹೊತ್ತಿಗೇ. ಅರ್ಧಕ್ಕೆ ನಿಂತ ಬೇರಿನ ನಾಳದ ಚಿಕಿತ್ಸೆಯೊಂದಿಗೆ ರೈಲು ಹತ್ತಿದರೆ, ಊರಿನಲ್ಲಿ ನಡುರಾತ್ರಿ ಬಾವು ಎದ್ದಾಗ ಪರದಾಡಬೇಕಾಗುತ್ತದೆ. ಆದುದರಿಂದ ಸೀಮಂತದ ಸಿದ್ಧತೆಗೆ ಮುಂಚೆಯೇ, ಐದನೆಯ ತಿಂಗಳೊಳಗೆ ಹಲ್ಲು ತೋರಿಸಿ, ಕೆಲಸ ಪೂರ್ತಿ ಮಾಡಿಸಿಕೊಳ್ಳಬೇಕು. ಪೂರ್ತಿಯಾಗದಿದ್ದಲ್ಲಿ ಮಾಡಿದ ಚಿಕಿತ್ಸೆ, ಕೊಟ್ಟ ಔಷಧಿಗಳ ಚೀಟಿಯನ್ನೂ ಕ್ಷ-ಕಿರಣ ಚಿತ್ರವನ್ನೂ ತಾಯಿ-ಮಗುವಿನ ರಕ್ಷಣಾ ಕಾರ್ಡಿನೊಂದಿಗೆ ಇಟ್ಟುಕೊಂಡು ಹೋಗಬೇಕು.

ಪರಭಾಷೆಯ ಊರಿನಲ್ಲಿ ವೈದ್ಯರ ಮುಂದೆ ಮಾತಿಗೆ ತಡಕಾಡಿ ಮುಖ್ಯ ವಿಷಯವೇ ಉಳಿದುಹೋಗುವುದುಂಟು. ಹೊಟ್ಟೆ ಕಾಣದ ಮೊದಲ ತಿಂಗಳುಗಳಲ್ಲಿ ನೀವು ಹೇಳದೆ ವೈದ್ಯರಿಗೆ ತಿಳಿಯದು. "ನಾನು ಗರ್ಭಿಣಿ" ಎಂಬುದನ್ನು ಮರಾಠಿಯಲ್ಲಿ "ಮೀ ಗರೋದರ್ ಆಹೇ", ಹಿಂದಿಯಲ್ಲಿ "ಮೈಂ ಗರ್ಭವತೀ ಹೂಂ", ತೆಲುಗಿನಲ್ಲಿ "ನೇನು ಗರ್ಭವತಿನಿ", ತಮಿಳಿನಲ್ಲಿ "ನಾನ್ ಕರ್ಪ್ಪಮಾಗ ಇರುಕ್ಕಿರೇನ್" ಎನ್ನುತ್ತಾರೆ. ಎಷ್ಟನೆಯ ತಿಂಗಳೆಂಬುದನ್ನೂ ಸೇರಿಸಿ ಹೇಳಿರಿ.

ಎಲ್ಲಿಗೆ ಹೋಗಬೇಕು?

ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮವು 2014-15ರಿಂದ ಜಾರಿಯಲ್ಲಿದ್ದು, ಅನೇಕ ಜಿಲ್ಲಾ ಆಸ್ಪತ್ರೆಗಳಲ್ಲಿ ದಂತ ಚಿಕಿತ್ಸಾ ವಿಭಾಗಗಳಿವೆ. ಮುಂಬಯಿ, ಚೆನ್ನೈ, ಹೈದರಾಬಾದ್ ಮತ್ತು ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜುಗಳಲ್ಲಿಯೂ ದೆಹಲಿಯ ಮೌಲಾನಾ ಆಜಾದ್ ದಂತವಿಜ್ಞಾನ ಸಂಸ್ಥೆಯಲ್ಲಿಯೂ ಚಿಕಿತ್ಸೆ ದೊರೆಯುತ್ತದೆ. ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಅಂದು ಬಾಯಿಯ ತೊಂದರೆಯನ್ನೂ ಹೇಳಿ, ದಂತವೈದ್ಯರಿಗೆ ಚೀಟಿ ಬರೆಸಿಕೊಳ್ಳಬಹುದು.

ಮನೆಯಲ್ಲಿ ಪಾಲಿಸಬೇಕಾದ ಕ್ರಮಗಳು

* ದಿನಕ್ಕೆರಡು ಬಾರಿ ಮೃದುವಾದ ಬ್ರಷ್ ಮತ್ತು ಫ್ಲೋರೈಡ್ ಇರುವ ಪೇಸ್ಟಿನಿಂದ ಹಲ್ಲುಜ್ಜಿರಿ. ರಾತ್ರಿ ಮಲಗುವ ಮುನ್ನ ಉಜ್ಜುವುದನ್ನು ತಪ್ಪಿಸಬೇಡಿ.
* ವಾಂತಿಯಾದ ಕೂಡಲೇ ಹಲ್ಲುಜ್ಜಬೇಡಿ; ಆಮ್ಲದಿಂದ ಮೆದುವಾದ ಪದರ ಸವೆಯುತ್ತದೆ. ಒಂದು ಲೋಟ ನೀರಿಗೆ ಒಂದು ಟೀ ಚಮಚ ಅಡುಗೆ ಸೋಡಾ ಬೆರೆಸಿ ಬಾಯಿ ಮುಕ್ಕಳಿಸಿ ಉಗಿಯಿರಿ. ಸುಮಾರು ಅರ್ಧ ಗಂಟೆ ಬಿಟ್ಟು ಉಜ್ಜಿರಿ.
* ಸಿಹಿಯನ್ನು ಊಟದೊಂದಿಗೆ ತಿನ್ನಿರಿ, ನಡುನಡುವೆ ಬೇಡ.
* ಹೆರಿಗೆಯ ನಂತರವೂ ಬಾಯಿಯನ್ನು ಶುಚಿಯಾಗಿಡಿ. ತಾಯಿಯ ಜೊಲ್ಲಿನ ಮೂಲಕ ಹುಳುಕಿನ ರೋಗಾಣುಗಳು ಮಗುವಿಗೆ ತಲುಪುತ್ತವೆ. ನೀವು ಬಾಯಿಗಿಟ್ಟ ಚಮಚದಿಂದ ಮಗುವಿಗೆ ಉಣಿಸಬೇಡಿ.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

ಹಲ್ಲುನೋವಿನೊಂದಿಗೆ ಜ್ವರ, ಕೆನ್ನೆ, ಕಣ್ಣಿನ ಸುತ್ತ ಅಥವಾ ದವಡೆಯ ಕೆಳಗೆ ಏರುತ್ತಿರುವ ಬಾವು, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟ, ನಿಲ್ಲದ ರಕ್ತಸ್ರಾವ. ಇವುಗಳಲ್ಲಿ ಯಾವುದೇ ಒಂದು ಕಂಡರೂ ಬಿಸಿ ಶಾಖ ಕೊಡುತ್ತಾ ಕಾಲ ಕಳೆಯದೆ, 112 ಅಥವಾ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರತಕ್ಕದ್ದು.

ಗರ್ಭಿಣಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ಪತಿ, ಅತ್ತೆ, ತಾಯಿ ಇವರೆಲ್ಲರೂ ಈ ವಿಷಯವನ್ನು ತಿಳಿದಿರಬೇಕು. ರಕ್ತ, ತೂಕ, ರಕ್ತದೊತ್ತಡಗಳನ್ನು ಪರೀಕ್ಷಿಸಿಕೊಳ್ಳುವಂತೆಯೇ ನಾಲ್ಕನೆಯ ತಿಂಗಳಿನಲ್ಲಿ ಒಮ್ಮೆ ಬಾಯಿಯನ್ನೂ ತೋರಿಸುವುದು ಪ್ರತಿ ಮನೆಯಲ್ಲಿಯೂ ರೂಢಿಗೆ ಬರಲಿ. "ಹೆರಿಗೆಯಾಗಲಿ" ಎಂಬ ಮಾತಿಗೆ ಬದಲಾಗಿ "ಹೆರಿಗೆಗೆ ಮುನ್ನವೇ ತೋರಿಸೋಣ" ಎನ್ನುವುದು ತಾಯಿಗೂ ಮಗುವಿಗೂ ಕ್ಷೇಮಕರ.