ಇತರ ಕಾಯಿಲೆಗಳಲ್ಲಿ ಥೈರಾಯ್ಡ್ ಹಾರ್ಮೋನು: ಅಂಕಿಗಳನ್ನು ಓದುವ ಬಗೆ

ಉದ್ದೇಶ: ಥೈರಾಯ್ಡ್ ಗ್ರಂಥಿ ಆರೋಗ್ಯವಾಗಿದ್ದರೂ ಬೇರೆ ಕಾಯಿಲೆಗಳಲ್ಲಿ ಅದರ ಹಾರ್ಮೋನುಗಳ ಪ್ರಮಾಣ ಏಕೆ ತಗ್ಗುತ್ತದೆ ಎಂಬುದನ್ನು ವಿದ್ಯಾರ್ಥಿಗಳು ವಿವರಿಸಬಲ್ಲವರಾಗಬೇಕು.

ವಿಷಯ ನಿರೂಪಣೆ

ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯು ಹೆಚ್ಚಾಗಿ ಸ್ರವಿಸುವುದು ಟಿ-4 ಹಾರ್ಮೋನನ್ನು. ಇದರ ಪ್ರತಿ ಅಣುವಿನಲ್ಲಿ 4 ಅಯೋಡಿನ್ ಪರಮಾಣುಗಳಿವೆ. ಯಕೃತ್ತು, ಮೂತ್ರಪಿಂಡ ಮುಂತಾದ ಅಂಗಗಳಲ್ಲಿ ಒಂದು ಅಯೋಡಿನ್ ಕಳಚಿದಾಗ ಅದು ಟಿ-3 ಆಗುತ್ತದೆ. ಜೀವಕೋಶಗಳಲ್ಲಿ ಪ್ರಬಲವಾಗಿ ಕೆಲಸ ಮಾಡುವುದು ಈ ಟಿ-3. ಟಿ-4 ಕಣಜದ ಭತ್ತವಾದರೆ ಟಿ-3 ಕುಟ್ಟಿದ ಅಕ್ಕಿ ಎನ್ನಬಹುದು. ಭತ್ತ ಎಷ್ಟು ಬೇಕೆಂದು ಗ್ರಂಥಿಗೆ ತಿಳಿಸುವುದು ಪಿಟ್ಯುಟರಿಯಿಂದ ಬರುವ ಟಿಎಸ್‌ಎಚ್.

ನ್ಯುಮೋನಿಯ, ರಕ್ತದ ಸೋಂಕು, ತೀವ್ರ ಅಪೌಷ್ಟಿಕತೆ, ಸುಟ್ಟ ಗಾಯ, ಹೃದಯದ ಶಸ್ತ್ರಚಿಕಿತ್ಸೆ ಇಂತಹ ಸಂದರ್ಭಗಳಲ್ಲಿ ಮೊದಲು ಟಿ-3 ತಗ್ಗುತ್ತದೆ. ಟಿ-4ರಿಂದ ಟಿ-3 ಆಗುವ ಕ್ರಿಯೆ ನಿಧಾನವಾಗಿ, ಕೆಲಸಕ್ಕೆ ಬಾರದ ‘ರಿವರ್ಸ್ ಟಿ-3’ ಹೆಚ್ಚುತ್ತದೆ. ಬರಗಾಲದಲ್ಲಿ ಮನೆಯವರು ಖರ್ಚನ್ನು ಹಿಡಿಯುವಂತೆ ದೇಹವೂ ಶಕ್ತಿಯ ವ್ಯಯವನ್ನು ಹಿಡಿಯುತ್ತಿದೆ ಎಂಬುದು ಇದಕ್ಕೆ ಕೊಡಲಾಗುವ ಒಂದು ವಿವರಣೆ. ಕಾಯಿಲೆ ಉಲ್ಬಣಿಸಿದರೆ ಟಿ-4 ಕೂಡ ಇಳಿಯುತ್ತದೆ. ಆದರೂ ಟಿಎಸ್‌ಎಚ್ ಸಾಮಾನ್ಯವಾಗಿ ಏರುವುದಿಲ್ಲ. ಚೇತರಿಕೆಯ ಹಂತದಲ್ಲಿ ಮಾತ್ರ ಅದು ತಾತ್ಕಾಲಿಕವಾಗಿ ಏರಬಹುದು.

ಚಟುವಟಿಕೆ

ಕಪ್ಪುಹಲಗೆಯ ಮೇಲೆ ಈ ಎರಡು ಕಲ್ಪಿತ ವರದಿಗಳನ್ನು ಬರೆಯಿರಿ.

1. ನ್ಯುಮೋನಿಯದಿಂದ ಆಸ್ಪತ್ರೆಯಲ್ಲಿರುವ ಬಾಲಕ: ಟಿ-3 ಕಡಿಮೆ, ಟಿ-4 ಮತ್ತು ಟಿಎಸ್‌ಎಚ್ ಸಹಜ.
2. ಜ್ವರವಿಲ್ಲದ, ಎರಡು ವರ್ಷಗಳಿಂದ ಎತ್ತರ ಅಷ್ಟಾಗಿ ಹೆಚ್ಚದ ಬಾಲಕಿ: ಟಿ-4 ಕಡಿಮೆ; ಟಿಎಸ್‌ಎಚ್ ಬಹಳ ಹೆಚ್ಚು.

ಯಾರ ಗ್ರಂಥಿಯಲ್ಲಿ ದೋಷವಿದೆ ಎಂದು ಕೇಳಿರಿ. ಎರಡನೆಯ ವರದಿಯಲ್ಲಿ ಪಿಟ್ಯುಟರಿ ಒತ್ತಿ ಕೇಳಿದರೂ ಗ್ರಂಥಿ ಪೂರೈಸಲಾರದು. ಮೊದಲನೆಯದರಲ್ಲಿ ಅಂತಹ ಒತ್ತಾಯವೇ ಇಲ್ಲ. ಈ ವ್ಯತ್ಯಾಸವನ್ನು ವಿದ್ಯಾರ್ಥಿಗಳೇ ಕಂಡುಕೊಳ್ಳಲಿ.

ಶಿಕ್ಷಕರ ಗಮನಕ್ಕೆ

ಮಗು ಆಸ್ಪತ್ರೆಯಿಂದ ಮರಳಿದಾಗ ಪೋಷಕರು ರಕ್ತಪರೀಕ್ಷೆಯ ವರದಿಯನ್ನು ತೋರಿಸಿ ಆತಂಕ ವ್ಯಕ್ತಪಡಿಸುವುದುಂಟು. ಒಂದು ಅಂಕಿಯನ್ನು ನೋಡಿ ಮಗುವಿಗೆ ‘ಥೈರಾಯ್ಡ್ ರೋಗಿ’ ಎಂಬ ಹಣೆಪಟ್ಟಿ ಕಟ್ಟಬಾರದು. ರಕ್ತ ತೆಗೆದದ್ದು ಕಾಯಿಲೆಯ ನಡುವೆಯೇ, ಗುಣವಾದ ಮೇಲೆಯೇ ಎಂಬುದನ್ನು ವೈದ್ಯರಲ್ಲಿ ವಿಚಾರಿಸುವಂತೆ ಅವರಿಗೆ ಸೂಚಿಸಿರಿ. ಮೂಲ ಕಾಯಿಲೆ ಗುಣವಾದ ಕೆಲವು ವಾರಗಳ ಬಳಿಕ ಮತ್ತೆ ಪರೀಕ್ಷಿಸಿದರೆ ಅಂಕಿಗಳು ಬಹುಮಟ್ಟಿಗೆ ಸಹಜಸ್ಥಿತಿಗೆ ಬಂದಿರುತ್ತವೆ. ಪಿಟ್ಯುಟರಿಯ ದೋಷದಲ್ಲಿಯೂ ವರದಿ ಇದನ್ನೇ ಹೋಲಬಹುದಾದ್ದರಿಂದ ಅಂತಿಮ ತೀರ್ಮಾನ ವೈದ್ಯರದು.

ಇದರ ಮರುಮುಖವನ್ನೂ ಮರೆಯಬಾರದು. ಗ್ರಂಥಿಯ ದೋಷ ಖಚಿತವಾಗಿ ದಿನವೂ ಮಾತ್ರೆ ಸೇವಿಸುವ ಮಗು, ‘ಅದು ತಾನಾಗಿ ಸರಿಹೋಗುತ್ತದೆ’ ಎಂಬ ಮಾತು ಕೇಳಿ ಮಾತ್ರೆ ಬಿಟ್ಟರೆ ಬೆಳವಣಿಗೆಯೂ ಕಲಿಕೆಯೂ ಕುಂಠಿತವಾಗುತ್ತವೆ. ಬೆಳವಣಿಗೆ ನಿಲ್ಲುವುದು, ಕುತ್ತಿಗೆ ಊದುವುದು, ಸದಾ ಮಂಕು, ಮಲಬದ್ಧತೆ, ಚಳಿ ತಡೆಯಲಾಗದಿರುವುದು ಕಂಡುಬಂದರೆ ವೈದ್ಯರಿಗೆ ತೋರಿಸಲು ಹೇಳಬೇಕು. ಶಾಲೆಯಲ್ಲಿ ವರ್ಷಕ್ಕೆ ಎರಡು ಬಾರಿ ಅಳೆದು ಬರೆದಿಟ್ಟ ಎತ್ತರ, ಅಂತಹ ಸಂದರ್ಭದಲ್ಲಿ ವೈದ್ಯರಿಗೆ ಬಹಳ ನೆರವಾಗುವ ದಾಖಲೆ.