ಅವಿಭಾಜ್ಯಗಳ ನಡುವಿನ ಅಂತರ: ಎಂಟನೇ ತರಗತಿಯಲ್ಲಿ ಎರಡು ಅವಧಿ

ಕಿರಂಗೂರಿನ ಬೋಧನಾಭ್ಯಾಸದಲ್ಲಿ ಎಂಟನೇ ತರಗತಿಗೆ ಅವಿಭಾಜ್ಯ ಸಂಖ್ಯೆಗಳ ಪಾಠ ತೆಗೆದುಕೊಂಡಿದ್ದೆ. ಎರಟೋಸ್ತನೀಸ್ ಜರಡಿಯಿಂದ 100ರೊಳಗಿನ 25 ಅವಿಭಾಜ್ಯಗಳನ್ನು ಮಕ್ಕಳೇ ಹುಡುಕಿದರು. ಅಕ್ಕಪಕ್ಕದವುಗಳ ವ್ಯತ್ಯಾಸ ಬರೆಯಿರಿ ಎಂದೆ: 1, 2, 2, 4, 2, 4... 89 ಮತ್ತು 97ರ ನಡುವೆ 8. "ಎಂಟಕ್ಕಿಂತ ಜಾಸ್ತಿ ಬರಲ್ಲ ಮಿಸ್" ಎಂದು ಹಿಂದಿನ ಬೆಂಚಿನಿಂದ ತೀರ್ಪು ಬಂತು. 113ರ ನಂತರದ್ದನ್ನು ಹುಡುಕಲು ಹೇಳಿದೆ. 127 ಸಿಕ್ಕಿತು, ಅಂತರ 14.

ಆಮೇಲೆ 6×5×4×3×2×1 = 720 ಬರೆದೆ. 722 ಎರಡರಿಂದ, 723 ಮೂರರಿಂದ, ಹೀಗೆ 726 ಆರರಿಂದ ಭಾಗವಾಗುತ್ತದೆ. ಸಾಲಾಗಿ ಐದು ಸಂಯುಕ್ತ ಸಂಖ್ಯೆಗಳು. 6ರ ಬದಲು 101ರಿಂದ ಗುಣಿಸುತ್ತ ಬಂದರೆ ಇದೇ ರೀತಿ ಸಾಲಾಗಿ ನೂರು ಸಿಗುತ್ತವೆ. "ಅಂತರಕ್ಕೆ ಮಿತಿಯಿಲ್ಲ" ಎಂದು ಹಲಗೆಯ ಮೇಲೆ ಬರೆದೆ. ನನ್ನ ಪಾಠಯೋಜನೆ ಅಲ್ಲಿಗೆ ಮುಗಿದಿತ್ತು.

ಒಬ್ಬ ಹುಡುಗಿ ಎದ್ದಳು. "ಹಂಗಾದ್ರೆ ಮಿಸ್, ಒಂದು ಸಿಕ್ಕಿದ್ಮೇಲೆ ಇನ್ನೊಂದಕ್ಕೆ ಎಷ್ಟು ದೂರ ಹುಡುಕ್ಬೇಕು ಅಂತ ಹೇಳಕ್ಕೇ ಆಗಲ್ವಾ?"

"ಆಗಲ್ಲ" ಎಂದುಬಿಟ್ಟೆ. ಅದು ತಪ್ಪು. ವೀಕ್ಷಣಾ ಹಾಳೆಯಲ್ಲಿ ಮಾತ್ರ ಕಪ್ಪುಹಲಗೆಯ ಬಳಕೆ ಚೆನ್ನಾಗಿದೆ ಎಂದಿತ್ತು!

ಎಲ್ಲ ಅಂತರಗಳಿಗೂ ಸಲ್ಲುವ ಒಂದೇ ಮಿತಿ ಇಲ್ಲ, ನಿಜ. ಆದರೆ ಸಂಖ್ಯೆಯ ಗಾತ್ರಕ್ಕೆ ತಕ್ಕ ಮಿತಿ ಇದೆ. 1ಕ್ಕಿಂತ ದೊಡ್ಡ ಯಾವುದೇ n ಮತ್ತು 2n ನಡುವೆ ಒಂದಾದರೂ ಅವಿಭಾಜ್ಯ ಇದ್ದೇ ಇರುತ್ತದೆ. 1845ರಲ್ಲಿ ಬರ್ಟ್ರಾಂಡ್ ಊಹಿಸಿದ್ದನ್ನು ಚೆಬಿಶೆವ್ ಸಾಧಿಸಿದರು. 1919ರಲ್ಲಿ ರಾಮಾನುಜನ್ ಚಿಕ್ಕದೊಂದು ಸಾಧನೆ ಕೊಟ್ಟರು. ಮರುದಿನ ತಪ್ಪು ಒಪ್ಪಿಕೊಂಡು, ಸಾಧನೆಯ ಬದಲು ಆಟ ಆಡಿಸಿದೆ: ಪ್ರತಿ ಸಲವೂ ಹಿಂದಿನದರ ಎರಡರಷ್ಟಕ್ಕಿಂತ ಚಿಕ್ಕದಾದ, ಆದಷ್ಟು ದೊಡ್ಡ ಅವಿಭಾಜ್ಯ ಹೇಳಬೇಕು. 2, 3, 5, 7, 13, 23, 43, 83, 163. ಸರಪಳಿ ಎಲ್ಲೂ ತುಂಡಾಗಲಿಲ್ಲ.

ಅದೇ ಹುಡುಗಿ, "ಎರಡರಷ್ಟು ತುಂಬಾ ದೂರ ಅಲ್ವಾ?" ಎಂದಳು. ಹೌದು. n² ಮತ್ತು (n+1)² ನಡುವೆ ಸದಾ ಅವಿಭಾಜ್ಯ ಇರುತ್ತದೆಯೇ ಎಂಬ ಲೆಜಾಂಡರ್ ಪ್ರಶ್ನೆಗೆ ಇನ್ನೂ ಸಾಧನೆ ಸಿಕ್ಕಿಲ್ಲ. ಅಷ್ಟು ಇಕ್ಕಟ್ಟಾದ ಜಾಗದ ಬಗ್ಗೆ ಏನನ್ನಾದರೂ ಹೇಳಿದವರಲ್ಲಿ ನಮ್ಮ ಮಂಡ್ಯದಲ್ಲೇ 1933ರಲ್ಲಿ ಹುಟ್ಟಿದ ಕೆ. ರಾಮಚಂದ್ರ ಒಬ್ಬರು. x ಸಾಕಷ್ಟು ದೊಡ್ಡದಿದ್ದರೆ, x ಮತ್ತು x+√x ನಡುವೆ x‌ನ 15/26ನೇ ಘಾತವನ್ನೂ ಮೀರಿದ ಅವಿಭಾಜ್ಯ ಅಪವರ್ತನವುಳ್ಳ ಸಂಖ್ಯೆ ಇರುತ್ತದೆಂದು 1969ರಲ್ಲಿ ತೋರಿಸಿದರು. √x ಎಂದರೆ 13/26ನೇ ಘಾತ. ಅವಿಭಾಜ್ಯವನ್ನೇ ಹಿಡಿಯಲಾಗದಿದ್ದರೂ ಅದರ ಹತ್ತಿರಕ್ಕೆ ಒಂದು ಹೆಜ್ಜೆ. ಇದನ್ನು ತರಗತಿಯಲ್ಲಿ ಬಿಡಿಸಿ ಹೇಳಲಿಲ್ಲ. ಮಂಡ್ಯ ಎಂದಾಗ ಮಾತ್ರ ಎಲ್ಲರೂ ತಲೆಯೆತ್ತಿದರು.

ಮನೆಗೆಲಸಕ್ಕೆ 10² ಮತ್ತು 11² ನಡುವೆ ಹುಡುಕಲು ಕೊಟ್ಟೆ. ಐದು ಸಿಗುತ್ತವೆ: 101, 103, 107, 109, 113. ಆ ಹುಡುಗಿ 20²ವರೆಗೂ ಮಾಡಿಕೊಂಡು ಬಂದಿದ್ದಳು.